ಬಸಿಯುವ ಮಣ್ಣು, ಬಸಿಯದ ಮಣ್ಣು: ಅಲಾಸ್ಕಾದ ಒಂದು ಗುಡ್ಡದ ಕಥೆ

ಕಳೆದ ಜುಲೈನಲ್ಲಿ ನಾವು ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಹೋಗಿದ್ದೆವು. ಅಪ್ಪನ ಕಾಲೇಜು ಗೆಳೆಯರೊಬ್ಬರು ಹನ್ನೆರಡು ವರ್ಷದಿಂದ ಅಲ್ಲಿದ್ದಾರೆ. ಹೋದ ದಿನ ರಾತ್ರಿ ಅಡುಗೆಮನೆಯಲ್ಲಿ ಚಿತ್ರಾನ್ನ ತಯಾರಾಗುತ್ತಿತ್ತು. ನನ್ನ ತಂಗಿಯ ಕೈಯಿಂದ ನಿಂಬೆಹಣ್ಣೊಂದು ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಅಲ್ಲೇ ನಿಲ್ಲಲಿಲ್ಲ. ಉರುಳುತ್ತಾ ಅಡುಗೆಮನೆ ದಾಟಿತು, ಹಾಲ್ ದಾಟಿತು, ಆಚೆ ಗೋಡೆಗೆ ತಾಗಿ ನಿಂತಿತು. ನಾವೆಲ್ಲ ನಕ್ಕೆವು. ಆಂಟಿ ಮಾತ್ರ ನಗಲಿಲ್ಲ. "ಮನೆ ಆ ಕಡೆಗೆ ಕುಸೀತಾ ಇದೆ" ಎಂದರು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಸ್ನಾನದ ಮನೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಕಿಟಕಿಯ ಮೂಲೆಯಿಂದ ಮೇಲಕ್ಕೆ ಕಿರುಬೆರಳು ತೂರುವಷ್ಟು ಬಿರುಕು. ಅಂಕಲ್ ಪ್ರತಿ ವರ್ಷ ಮನೆಯ ಅಡಿಗೆ ತೂರಿ, ಕಾರಿನ ಟಯರ್ ಬದಲಿಸುವಾಗ ಬಳಸುವಂಥ ಜ್ಯಾಕ್‌ಗಳನ್ನು ತಿರುಗಿಸಿ ಒಂದು ಬದಿಯನ್ನು ಎತ್ತುತ್ತಾರಂತೆ. ಮುಂದಿನ ವರ್ಷ ಅದು ಮತ್ತೆ ಇಳಿಯುತ್ತದೆ.

ಅವರು ಇನ್ನೊಂದು ಮನೆ ಕಟ್ಟಲು ಜಾಗ ನೋಡಿಟ್ಟಿದ್ದರು. ಅದೇ ಗುಡ್ಡದ ಆಚೆ ಬದಿಯಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ ಉದ್ದನೆಯ ಪ್ಲಾಟ್. ದುಡ್ಡು ಕೊಡುವ ಮೊದಲು ಮಣ್ಣು ನೋಡಬೇಕು ಎಂದರು. ನನಗೆ ಶಾಲೆಯಲ್ಲಿ ಎನ್ವಿರಾನ್‌ಮೆಂಟಲ್ ಸೈನ್ಸ್ ಇದೆ. "ಬಾ, ಗುಂಡಿ ತೋಡೋಕೆ ಒಂದು ಕೈ ಬೇಕು" ಎಂದು ಕರೆದರು. ಹೀಗೆ ನನ್ನ ರಜೆಯ ಮೂರು ದಿನ ಸೊಳ್ಳೆಗಳ ಜೊತೆ ಗುಂಡಿ ತೋಡುವುದರಲ್ಲಿ ಕಳೆಯಿತು. ಆ ಮೂರು ದಿನಗಳಲ್ಲಿ ಕಲಿತದ್ದೇ ಈ ಲೇಖನ.

ಅಜ್ಜಿ ಹೇಳಿದ ಪದ

ಮಣ್ಣಿನ ಪುಸ್ತಕಗಳಲ್ಲಿ 'ವೆಲ್ ಡ್ರೇನ್ಡ್' ಎಂಬ ಮಾತು ಬರುತ್ತದೆ. ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಹಾಸನದಲ್ಲಿರುವ ಅಜ್ಜಿಗೆ ಫೋನ್ ಮಾಡಿ ಕೇಳಿದೆ. ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ. "ನೀರು ಬಸಿಯೋ ಮಣ್ಣು" ಎಂದರು. ಸೊಪ್ಪು, ಬೇಳೆ ಬೇಯಿಸಿ ನೀರು ಬಸಿದು ಬಸ್ಸಾರು ಮಾಡುತ್ತೇವಲ್ಲ, ಅದೇ ಬಸಿ. ಅಡಿಕೆ ತೋಟದಲ್ಲಿ ಸಾಲುಗಳ ನಡುವೆ ತೋಡುವ ಬಸಿಗಾಲುವೆಯಲ್ಲಿರುವುದೂ ಅದೇ ಬಸಿ.

ಆಮೇಲೆ ಅಜ್ಜಿ ಹೇಳಿದ ಇನ್ನೊಂದು ಮಾತು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಯಿತು. "ಬಸಿಯೋದು ಅಂದ್ರೆ ಒಣಗಿಸೋದಲ್ಲ ಕಣೋ. ಅನ್ನ ಬಸಿದ ಮೇಲೆ ಅಗುಳಲ್ಲಿ ನೀರಿನ ಪಸೆ ಇರಲ್ವಾ? ಹೆಚ್ಚಿದ್ದು ಹೋಗುತ್ತೆ, ಬೇಕಾದ್ದು ಉಳಿಯುತ್ತೆ."

ಮಣ್ಣಿನ ವಿಜ್ಞಾನವೂ ಇದನ್ನೇ ಹೇಳುತ್ತದೆ. ಚೆನ್ನಾಗಿ ಬಸಿಯುವ ಮಣ್ಣಿನಲ್ಲಿ ಹೆಚ್ಚಿನ ನೀರು ಸುಲಭವಾಗಿ ಕೆಳಗಿಳಿಯುತ್ತದೆ, ಆದರೆ ಸರ್ರನೆ ಇಳಿದು ಖಾಲಿಯಾಗುವುದಿಲ್ಲ. ಬೆಳೆಯುವ ಕಾಲದಲ್ಲಿ ಬೇರಿಗೆ ನೀರೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ. ಮರಳಿನಲ್ಲಿ ನೀರು ನಿಲ್ಲುವುದೇ ಇಲ್ಲ. ಜೌಗಿನಲ್ಲಿ ನೀರು ಹೋಗುವುದೇ ಇಲ್ಲ. ಬಸಿಯುವ ಮಣ್ಣು ಇವೆರಡರ ನಡುವಿನದು.

ಇದು ಎಲ್ಲ ಕಡೆಯೂ ಮುಖ್ಯವೇ. ಆದರೆ ಉತ್ತರ ಧ್ರುವವೃತ್ತದ ಹತ್ತಿರ ಕಾಡು ಯಾವುದು, ಜೌಗು ಯಾವುದು, ಮನೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ವಾಲುತ್ತದೆ ಎಂಬುದನ್ನೆಲ್ಲ ಬಹುಮಟ್ಟಿಗೆ ಇದೇ ತೀರ್ಮಾನಿಸುತ್ತದೆ.

ಗಾಳಿ ತಂದ ಹಿಟ್ಟು

ಫೇರ್‌ಬ್ಯಾಂಕ್ಸ್ ಇರುವುದು ಉತ್ತರ ಧ್ರುವವೃತ್ತಕ್ಕಿಂತ ಸುಮಾರು 190 ಕಿಲೋಮೀಟರ್ ದಕ್ಷಿಣಕ್ಕೆ. ಜನವರಿಯಲ್ಲಿ ಸರಾಸರಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ. ಜುಲೈನಲ್ಲಿ 17 ಡಿಗ್ರಿಯ ಆಸುಪಾಸು. ಇಡೀ ವರ್ಷದ ಸರಾಸರಿ ತೆಗೆದರೂ ಸೊನ್ನೆಗಿಂತ ಕೆಳಗೇ ಬರುತ್ತದೆ. ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಅಷ್ಟೆ. ಇದು ಚಿತ್ರದುರ್ಗದ ಕಡೆಯ ಒಣ ಬಯಲಿಗಿಂತಲೂ ಕಡಿಮೆ. ಆದರೂ ಅಲ್ಲಿ ಎಲ್ಲಿ ನೋಡಿದರೂ ಕಾಡು, ಎಲ್ಲಿ ಕಾಲಿಟ್ಟರೂ ಜೌಗು. ಇಷ್ಟು ಕಡಿಮೆ ನೀರಿನಲ್ಲಿ ಇಷ್ಟೊಂದು ಜೌಗು ಹೇಗೆ ಬಂತು ಎಂಬುದು ನನ್ನ ಮೊದಲ ಪ್ರಶ್ನೆ.

ಮೊದಲ ದಿನ ಅಂಕಲ್ ದಕ್ಷಿಣ ಇಳಿಜಾರಿನಿಂದ ಒಂದು ಹಿಡಿ ಮಣ್ಣು ತಂದುಕೊಟ್ಟು ಬೆರಳಲ್ಲಿ ಉಜ್ಜಲು ಹೇಳಿದರು. ಮೈದಾ ಹಿಟ್ಟಿನಷ್ಟು ನುಣುಪು. ಮರಳಿನಂತೆ ಚುಚ್ಚುವುದಿಲ್ಲ, ಜೇಡಿಯಂತೆ ಅಂಟುವುದಿಲ್ಲ. ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಅಭ್ರಕದ ಚೂರುಗಳು ಮಿನುಗುತ್ತವೆ. ಕೆರೆಯ ಹೂಳು ಒಣಗಿದಾಗ ಹೀಗಿರುತ್ತದೆ ಎಂದು ಅಪ್ಪ ಹೇಳಿದರು. ಆದರೆ ಗುಡ್ಡದ ಮೇಲೆ ಕೆರೆ ಎಲ್ಲಿಂದ ಬಂತು?

ಇದನ್ನು ತಂದದ್ದು ಕೆರೆಯಲ್ಲ, ಗಾಳಿ. ಹಿಮಯುಗಗಳಲ್ಲಿ ಫೇರ್‌ಬ್ಯಾಂಕ್ಸ್‌ನ ದಕ್ಷಿಣಕ್ಕಿರುವ ಅಲಾಸ್ಕಾ ಪರ್ವತಸಾಲಿನ ತುಂಬ ಭಾರಿ ಹಿಮನದಿಗಳಿದ್ದವು. ಅವು ಬೀಸುವ ಕಲ್ಲಿನಂತೆ ಬಂಡೆಗಳನ್ನು ಅರೆದು ಹಿಟ್ಟು ಮಾಡಿದವು. ಕರಗಿದ ನೀರು ಆ ಹಿಟ್ಟನ್ನು ಟನಾನಾ ನದಿಯ ಅಗಲವಾದ ಪಾತ್ರಕ್ಕೆ ತಂದು ಹಾಕಿತು. ನೀರು ಇಳಿದಾಗ ಪಾತ್ರ ಒಣಗಿ, ಗಾಳಿ ಧೂಳನ್ನೆತ್ತಿ ಗುಡ್ಡಗಳ ಮೇಲೆ ಸುರಿಯಿತು. ಹೀಗೆ ಗಾಳಿ ತಂದು ಹಾಕಿದ ಮಣ್ಣಿಗೆ ಲೋಯೆಸ್ ಎಂದು ಹೆಸರು. ಗುಡ್ಡದ ನೆತ್ತಿಯಲ್ಲಿ ಇದು ತೆಳು. ಕೆಳಗಿಳಿದಂತೆ ಹತ್ತಾರು ಮೀಟರ್ ದಪ್ಪ. ಅದರ ಅಡಿಯಲ್ಲಿರುವುದು ಅಭ್ರಕ ತುಂಬಿದ ಶಿಸ್ಟ್ ಬಂಡೆ.

ಒಂದು ಮಾತು ಇಲ್ಲಿ ನೆನಪಿಡಬೇಕು. ಗಾಳಿ ಉತ್ತರ ಬದಿ, ದಕ್ಷಿಣ ಬದಿ ಎಂದು ಭೇದ ಮಾಡಿರಲಿಲ್ಲ. ಗುಡ್ಡದ ಎರಡೂ ಬದಿಗೆ ಬಿದ್ದದ್ದು ಒಂದೇ ಹಿಟ್ಟು.

ಮೊದಲ ಗುಂಡಿ: ಟಣ್ ಎಂದ ನೆಲ

ಮೊದಲ ಗುಂಡಿಯನ್ನು ವಾಲಿದ ಮನೆಯ ಹಿಂದೆ, ಉತ್ತರ ಇಳಿಜಾರಿನ ಕಾಡಿನಲ್ಲಿ ತೋಡಿದೆವು. ಅಲ್ಲಿರುವುದೆಲ್ಲ ಕಪ್ಪು ಸ್ಪ್ರೂಸ್ ಮರಗಳು. ನನ್ನ ಮಣಿಕಟ್ಟಿನಷ್ಟು ದಪ್ಪದ ಮರಕ್ಕೂ ನೂರು ವರ್ಷ ಆಗಿರಬಹುದಂತೆ. ಹಲವು ಮರಗಳು ಅತ್ತ ಇತ್ತ ವಾಲಿಕೊಂಡಿದ್ದವು. ಅಲ್ಲಿಯವರು ಇದನ್ನು 'ಕುಡುಕ ಕಾಡು' ಎಂದು ಕರೆಯುತ್ತಾರೆ.

ನೆಲದ ಮೇಲೆ ಪಾಚಿ. ಮಳೆಗಾಲದಲ್ಲಿ ಊರಿನ ಕಾಂಪೌಂಡ್ ಗೋಡೆಯ ಮೇಲೆ ಬೆಳೆಯುತ್ತದಲ್ಲ, ಆ ಜಾತಿಯದೇ, ಆದರೆ ಹಾಸಿಗೆಯಷ್ಟು ದಪ್ಪ. ಕಾಲಿಟ್ಟರೆ ಒಳಗೆ ಹೋಗುತ್ತದೆ. ಪಾಚಿಯ ಹಾಸನ್ನು ಕತ್ತರಿಸಿ ಎತ್ತಿದಾಗ ಕೆಳಗೆ ಅರ್ಧ ಕೊಳೆತ ಕಂದು ಪಾಚಿ, ಅದರ ಕೆಳಗೆ ಕಪ್ಪು ಕೆಸರು, ಅದರ ಕೆಳಗೆ ಬೂದು ಬಣ್ಣದ ಮಣ್ಣು. ಗುಂಡಿಗೆ ನಾಲ್ಕೂ ಕಡೆಯಿಂದ ನೀರು ಜಿನುಗುತ್ತಿತ್ತು. ಕೈ ಹಾಕಿದರೆ ಫ್ರಿಜ್ಜಿನಲ್ಲಿಟ್ಟ ನೀರಿನ ಹಾಗೆ ಕೊರೆಯುತ್ತಿತ್ತು. ಗುಂಡಿ ಇನ್ನೂ ಮೊಣಕಾಲಿನ ಆಳಕ್ಕೆ ಬಂದಿರಲಿಲ್ಲ, ಸಲಿಕೆ ಟಣ್ ಎಂದಿತು. ಕಲ್ಲು ಎಂದುಕೊಂಡೆ. ಅಂಕಲ್ ಬಗ್ಗಿ ನೀರನ್ನು ಸರಿಸಿ ತೋರಿಸಿದರು. ಅದು ಮಣ್ಣೇ. ಹೆಪ್ಪುಗಟ್ಟಿದ ಮಣ್ಣು, ಜುಲೈ ತಿಂಗಳಲ್ಲಿ.

ಇದೇ ಪರ್ಮಾಫ್ರಾಸ್ಟ್. ಕನಿಷ್ಠ ಎರಡು ವರ್ಷ ಒಂದೇ ಸಮನೆ ಸೊನ್ನೆ ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗಿರುವ ನೆಲಕ್ಕೆ ಈ ಹೆಸರು. ಬೇಸಿಗೆಯಲ್ಲಿ ಅದರ ಮೇಲಿನ ಒಂದು ಪದರ ಮಾತ್ರ ಕರಗುತ್ತದೆ.

ನನ್ನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತುಳಸಿ ಸಾಯುವುದು ನೀರು ಕಡಿಮೆಯಾಗಿ ಅಲ್ಲ, ತೂತಿಲ್ಲದ ಕುಂಡದಲ್ಲಿ ನೆಟ್ಟು ದಿನಾ ನೀರು ಹಾಕಿ. ಬೇರು ಕೊಳೆತುಹೋಗುತ್ತದೆ. ಉತ್ತರ ಇಳಿಜಾರು ಹಾಗೆ ತೂತಿಲ್ಲದ ಕುಂಡ. ಬೀಳುವ ನೀರು ಕಡಿಮೆಯೇ, ಆದರೆ ತಳದಲ್ಲಿ ಮಂಜುಗಡ್ಡೆ ಇರುವುದರಿಂದ ಹೋಗಲು ದಾರಿಯಿಲ್ಲ.

ಮಣ್ಣಿನ ಬೂದು ಬಣ್ಣಕ್ಕೂ ಕಾರಣವಿದೆ. ಗಾಳಿ ಸಿಕ್ಕರೆ ಮಣ್ಣಿನಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಕಂದು, ಹಳದಿ, ಕೆಂಪು ಬಣ್ಣ ಕೊಡುತ್ತದೆ. ನೀರು ತುಂಬಿ ಆಮ್ಲಜನಕ ಮುಗಿದಾಗ ಮಣ್ಣಿನ ಸೂಕ್ಷ್ಮಜೀವಿಗಳು ಆ ತುಕ್ಕಿನ ಕಬ್ಬಿಣವನ್ನೇ ಬಳಸಿಕೊಳ್ಳುತ್ತವೆ. ಕಬ್ಬಿಣ ನೀರಿನಲ್ಲಿ ಕರಗುತ್ತದೆ, ಬಣ್ಣ ಹೋಗುತ್ತದೆ. ಅಂದರೆ ಮಣ್ಣು ಬಸಿಯುತ್ತದೋ ಇಲ್ಲವೋ ಎಂದು ತಿಳಿಯಲು ಮಳೆಗೆ ಕಾಯಬೇಕಾಗಿಲ್ಲ. ಬಣ್ಣ ನೋಡಿದರೆ ಸಾಕು.

ಎರಡನೆಯ ಗುಂಡಿ: ಬರ್ಚ್ ಮರಗಳ ಕೆಳಗೆ

ಮರುದಿನ ದಕ್ಷಿಣ ಇಳಿಜಾರಿನ ಪ್ಲಾಟ್‌ಗೆ ಹೋದೆವು. ಕಾರಿನಲ್ಲಿ ಹತ್ತು ನಿಮಿಷದ ದಾರಿ. ಮೇಲ್ಭಾಗದಲ್ಲಿ ಬಿಳಿ ತೊಗಟೆಯ ಬರ್ಚ್, ಎಲೆ ಅಲುಗಿಸುತ್ತಲೇ ಇರುವ ಆಸ್ಪೆನ್, ನಡುನಡುವೆ ನೆಟ್ಟಗೆ ಎತ್ತರಕ್ಕೆ ಬೆಳೆದ ಬಿಳಿ ಸ್ಪ್ರೂಸ್. ತಬ್ಬಿಕೊಂಡರೆ ಎರಡು ಕೈ ಸೇರದಷ್ಟು ದಪ್ಪದ ಮರವೂ ಇತ್ತು. ನೆಲ ಒಣಗಿತ್ತು. ನಡೆದರೆ ಎಲೆಗಳು ಸರಸರ ಎನ್ನುತ್ತಿದ್ದವು.

ಇಲ್ಲಿ ನನ್ನ ಸೊಂಟದ ಆಳದವರೆಗೆ ತೋಡಿದೆವು. ಎಲ್ಲೂ ಟಣ್ ಎನ್ನಲಿಲ್ಲ. ಗುಂಡಿಯ ಗೋಡೆಯನ್ನು ಚಾಕುವಿನಿಂದ ಸವರಿ ನೋಡಿದಾಗ ಪದರಗಳು ಸ್ಪಷ್ಟವಾಗಿ ಕಂಡವು.

ಎಲ್ಲಕ್ಕಿಂತ ಮೇಲೆ ಮೂರು ಬೆರಳು ದಪ್ಪದ ಎಲೆಗೊಬ್ಬರ. ಮೇಲಿನ ಎಲೆ ಎಲೆಯ ಆಕಾರದಲ್ಲೇ ಇತ್ತು. ಕೆಳಗಿನವು ಪುಡಿಯಾಗಿದ್ದವು. ನಡುವೆ ಬಿಳಿ ದಾರದಂಥ ಶಿಲೀಂಧ್ರದ ಎಳೆಗಳು. ಅದರ ಕೆಳಗೆ ತೆಳುವಾದ ಕಪ್ಪು ಮಣ್ಣು, ಅದರಲ್ಲಿ ಹಳೆಯ ಕಾಡ್ಗಿಚ್ಚಿನ ಇದ್ದಿಲ ಚೂರುಗಳು. ನಂತರ ಮೊಣಕಾಲಿನಷ್ಟು ಆಳದವರೆಗೆ ಹಳದಿ ಬೆರೆತ ಕಂದು ಮಣ್ಣು. ತುಕ್ಕಿನ ಬಣ್ಣ, ಅಂದರೆ ಇಲ್ಲಿ ಗಾಳಿಯಾಡುತ್ತಿದೆ. ಅದರ ಕೆಳಗೆ ಮಾಸಲು ಬಣ್ಣದ ಲೋಯೆಸ್, ಗಾಳಿ ತಂದು ಹಾಕಿದಾಗ ಹೇಗಿತ್ತೋ ಬಹುತೇಕ ಹಾಗೆಯೇ. ಅದರಲ್ಲಿ ಅಲ್ಲಲ್ಲಿ ದಾರ ಎಳೆದಂತೆ ತೆಳುವಾದ ಗಾಢ ಕಂದು ಪಟ್ಟಿಗಳು. ಮೇಲಿನಿಂದ ಇಳಿದ ನೀರು ತನ್ನ ಜೊತೆ ತಂದ ಜೇಡಿಯ ಕಣ, ಕಬ್ಬಿಣಗಳನ್ನು ಅಲ್ಲಿ ಬಿಟ್ಟು ಹೋಗಿದೆ. ನೀರು ಕೆಳಗೆ ಹೋಗುತ್ತಿದೆ ಎಂಬುದಕ್ಕೆ ಸಹಿ ಹಾಕಿದಂತೆ.

ಬೇರುಗಳೂ ಬೇರೆ. ಉತ್ತರ ಬದಿಯಲ್ಲಿ ಬೇರುಗಳು ಪಾಚಿಯೊಳಗೇ ಚಾಪೆಯಂತೆ ಹರಡಿದ್ದವು. ಅದಕ್ಕೇ ನೆಲ ಸ್ವಲ್ಪ ಅಲುಗಿದರೂ ಮರ ವಾಲುತ್ತದೆ. ಇಲ್ಲಿ ಹೆಚ್ಚಿನ ಬೇರು ಮೇಲಿನ ಒಂದಡಿಯಲ್ಲೇ ಇದ್ದರೂ ಕೆಲವು ಗುಂಡಿಯ ತಳದವರೆಗೂ ಇಳಿದಿದ್ದವು.

ಫೇರ್‌ಬ್ಯಾಂಕ್ಸ್ ಸುತ್ತಲಿನ ಇಂಥ ಮಣ್ಣಿಗೆ ಅಮೆರಿಕದ ಮಣ್ಣಿನ ನಕ್ಷೆಗಳಲ್ಲಿ 'ಫೇರ್‌ಬ್ಯಾಂಕ್ಸ್' ಎಂದೇ ಹೆಸರಿದೆ. ತಮಾಷೆಯೆಂದರೆ ಅಲಾಸ್ಕಾ ರಾಜ್ಯವನ್ನು ಪ್ರತಿನಿಧಿಸುವ ಮಣ್ಣು ಎಂದು ಗುರುತಿಸಿರುವುದು ಇದನ್ನಲ್ಲ. ಅದು 'ಟನಾನಾ', ಪರ್ಮಾಫ್ರಾಸ್ಟ್ ಇರುವ, ನೀರು ಸರಿಯಾಗಿ ಬಸಿಯದ ಮಣ್ಣು.

ಒಂದೇ ಹಿಟ್ಟು, ಎರಡು ಹಣೆಬರಹ

ಒಂದೇ ಗುಡ್ಡ, ಒಂದೇ ಮಳೆ, ಒಂದೇ ಹಿಟ್ಟು. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಶುರುವಾಯಿತು? ಬಿಸಿಲಿನಿಂದ.

ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಆಸುಪಾಸಿನಲ್ಲಿರುತ್ತಾನೆ. ಗುಡ್ಡ ಯಾವ ಕಡೆ ತಿರುಗಿದ್ದರೂ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಫೇರ್‌ಬ್ಯಾಂಕ್ಸ್‌ನಲ್ಲಿ ಜೂನ್ 21ರಂದೂ ಸೂರ್ಯ 49 ಡಿಗ್ರಿಗಿಂತ ಮೇಲೇರುವುದಿಲ್ಲ. ಗುಡ್ಡದ ಇಳಿಜಾರು 20 ಡಿಗ್ರಿ ಎಂದುಕೊಂಡು ನಾನು ಲೆಕ್ಕ ಹಾಕಿದೆ. ಶಾಲೆಯ ತ್ರಿಕೋನಮಿತಿ ಸಾಕು. ಜೂನ್ ಮಧ್ಯಾಹ್ನ ದಕ್ಷಿಣ ಬದಿಗೆ ಉತ್ತರ ಬದಿಯ ಸುಮಾರು ಎರಡರಷ್ಟು ನೇರ ಬಿಸಿಲು. ಮಾರ್ಚ್ 21ರ ಮಧ್ಯಾಹ್ನ ಸುಮಾರು ಎಂಟರಷ್ಟು! ಹಿಮ ಕರಗಬೇಕಾದ ವಸಂತದಲ್ಲೇ ಈ ಭಾರಿ ವ್ಯತ್ಯಾಸ.

ಅಲ್ಲಿಂದ ಎರಡೂ ಬದಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ದಕ್ಷಿಣದಲ್ಲಿ ಹಿಮ ಬೇಗ ಕರಗುತ್ತದೆ, ನೆಲ ಪೂರ್ತಿ ಬಿಸಿಯಾಗುತ್ತದೆ, ತಳದಲ್ಲಿ ಮಂಜುಗಡ್ಡೆ ಉಳಿಯುವುದಿಲ್ಲ, ನೀರು ಬಸಿಯುತ್ತದೆ. ನೀರು ಬಸಿದು ಗಾಳಿಯಾಡುವುದರಿಂದ ಬಿದ್ದ ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ. ಎಲೆಯುದುರುವ ಮರಗಳು ಚೆನ್ನಾಗಿ ಬೆಳೆಯುತ್ತವೆ. ಪ್ರತಿ ವರ್ಷ ಉದುರುವ ಎಲೆಯ ಅಡಿ ಪಾಚಿ ಮುಚ್ಚಿಹೋಗುತ್ತದೆ. ಪಾಚಿಯ ಹೊದಿಕೆ ಇಲ್ಲದ ನೆಲ ಮತ್ತೆ ಬಿಸಿಯಾಗುತ್ತದೆ.

ಉತ್ತರದಲ್ಲಿ ಇದರ ತದ್ವಿರುದ್ಧ. ನೆಲ ತಣ್ಣಗಿರುತ್ತದೆ, ಮಂಜುಗಡ್ಡೆ ಉಳಿಯುತ್ತದೆ, ನೀರು ನಿಲ್ಲುತ್ತದೆ, ಪಾಚಿ ಬೆಳೆಯುತ್ತದೆ. ಈ ಪಾಚಿಯ ಕೆಲಸ ಕೇಳಿ. ಬೇಸಿಗೆಯಲ್ಲಿ ಅದರ ಮೇಲ್ಭಾಗ ಒಣಗಿ ಸ್ವೆಟರ್‌ನಂತಾಗುತ್ತದೆ, ಬಿಸಿಲಿನ ಶಾಖವನ್ನು ಒಳಗೆ ಬಿಡುವುದಿಲ್ಲ. ಚಳಿಗಾಲಕ್ಕೆ ಮೊದಲು ನೀರು ಹೀರಿ ಒದ್ದೆಯಾಗಿ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ನೀರಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ನೆಲದಲ್ಲಿದ್ದ ಶಾಖ ಚಳಿಗಾಲದಲ್ಲಿ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಬಾಗಿಲು ಮುಚ್ಚಿ, ಚಳಿಗಾಲದಲ್ಲಿ ತೆರೆದಿಡುವ ಮನೆಯ ಹಾಗೆ.

ಅಂಕಲ್ ಅವರ ಮನೆ ವಾಲಿದ್ದೇಕೆ ಎಂದು ಈಗ ಹೇಳಬಹುದು. ಮೊದಲಿನ ಮಾಲೀಕರು ಮನೆಯ ಸುತ್ತ ಮರ ಕಡಿದು, ಪಾಚಿಯನ್ನು ಕೆರೆದು ತೆಗೆದು ಹುಲ್ಲುಹಾಸು ಮಾಡಿದ್ದರು. ನೆಲದ ಸ್ವೆಟರ್ ಬಿಚ್ಚಿದಂತಾಯಿತು. ಕೆಳಗಿದ್ದ ಮಂಜುಗಡ್ಡೆ ಕರಗಿ ನೀರಾಯಿತು, ಅದು ಆಧರಿಸಿದ್ದ ಮಣ್ಣು ಕುಸಿಯಿತು. ಹೊಸ ವಿಷಯವೇನಲ್ಲ ಇದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಫೇರ್‌ಬ್ಯಾಂಕ್ಸ್ ಸುತ್ತ ಕಾಡು ಕಡಿದು ಹೊಲ ಮಾಡಿದವರಿಗೂ ಹೀಗೇ ಆಗಿತ್ತು. ಕೆಲವು ವರ್ಷಗಳಲ್ಲಿ ಸಮತಟ್ಟಾದ ಹೊಲದ ತುಂಬ ಗುಂಡಿ, ದಿಬ್ಬ ಎದ್ದು ಉಳಲು ಆಗದಂತಾಯಿತು. ಟ್ರಾಯ್ ಪೇವೆ ಎಂಬ ಭೂವಿಜ್ಞಾನಿ 1954ರಲ್ಲೇ ಇದರ ಬಗ್ಗೆ ವಿವರವಾದ ವರದಿ ಪ್ರಕಟಿಸಿದ್ದರು.

ನೆಲವನ್ನು ಓದಿದ ಪೈಪು

ಮೂರನೆಯ ದಿನ ಬೆಳಿಗ್ಗೆ ಮಳೆ. ಗುಂಡಿ ತೋಡುವ ಬದಲು ಊರು ನೋಡಲು ಹೊರಟೆವು. ಊರಿನ ಉತ್ತರಕ್ಕಿರುವ ಫಾಕ್ಸ್ ಎಂಬಲ್ಲಿಗೆ ಹೋಗುವ ದಾರಿಯಲ್ಲಿ ಅಲಾಸ್ಕಾದ ದೊಡ್ಡ ಎಣ್ಣೆ ಪೈಪ್‌ಲೈನ್ ನೋಡಬಹುದು. 1977ರಲ್ಲಿ ಮುಗಿದ ಈ ಪೈಪಿನ ಉದ್ದ ಸುಮಾರು 1,290 ಕಿಲೋಮೀಟರ್. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಕಂಬಗಳ ಮೇಲೆ ನಿಂತಿದೆ. ಬಿಸಿ ಎಣ್ಣೆಯ ಪೈಪನ್ನು ಮಂಜುಗಡ್ಡೆ ತುಂಬಿದ ಮಣ್ಣಿನಲ್ಲಿ ಹೂತರೆ ನೆಲ ಕರಗಿ ಪೈಪೇ ಬಾಗುತ್ತದೆ. ಕರಗಿದರೂ ಕುಸಿಯದ ನೆಲ ಸಿಕ್ಕಲ್ಲಿ ಪೈಪು ಮಣ್ಣಿನೊಳಗೆ ಇಳಿಯುತ್ತದೆ, ಸಿಗದಲ್ಲಿ ಮೇಲೇಳುತ್ತದೆ. ನೂರಾರು ಮೈಲಿ ಮಣ್ಣಿನ ಗುಣವನ್ನು ಓದಿ ಬರೆದ ಗೆರೆ ಅದು.

ಅಲ್ಲಿಂದ ಅಲಾಸ್ಕಾ ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಹೋದೆವು. ಅಲ್ಲಿ 'ಬ್ಲೂ ಬೇಬ್' ಎಂಬ ಕಾಡೆಮ್ಮೆ ಇದೆ. ಹತ್ತಾರು ಸಾವಿರ ವರ್ಷಗಳ ಹಿಂದೆ ಸತ್ತ ಹಿಮಯುಗದ ಬೈಸನ್. 1979ರಲ್ಲಿ ಚಿನ್ನದ ಗಣಿಯವರು ಹೆಪ್ಪುಗಟ್ಟಿದ ಹೂಳನ್ನು ನೀರು ಹಾಯಿಸಿ ಕರಗಿಸುವಾಗ ಚರ್ಮದ ಸಮೇತ ಸಿಕ್ಕಿತು. ಅದರ ಮೈ ನೀಲಿ. ಪ್ರಾಣಿಯ ದೇಹದ ರಂಜಕವೂ ಮಣ್ಣಿನಲ್ಲಿ ಕರಗಿದ್ದ ಕಬ್ಬಿಣವೂ ಸೇರಿ ವಿವಿಯನೈಟ್ ಎಂಬ ಖನಿಜವಾಗಿ, ಗಾಳಿ ತಾಗಿದಾಗ ನೀಲಿಯಾಯಿತು. ಮೊದಲ ಗುಂಡಿಯ ಬೂದು ಮಣ್ಣಿನಲ್ಲಿ ನಡೆಯುತ್ತಿದ್ದ ಕಬ್ಬಿಣದ ರಸಾಯನವೇ ಇಲ್ಲೂ ಕೆಲಸ ಮಾಡಿದೆ. ಅದೇ ಪ್ರಾಣಿ ಬರ್ಚ್ ಕಾಡಿನ ಬಸಿಯುವ ಮಣ್ಣಿನಲ್ಲಿ ಸತ್ತಿದ್ದರೆ ಎಂದೋ ಕೊಳೆತು ಮರವಾಗಿ, ಎಲೆಯಾಗಿ, ಮತ್ತೆ ಮಣ್ಣಾಗಿ ಹೋಗಿರುತ್ತಿತ್ತು.

ಆ ಕಾಡೆಮ್ಮೆಯ ಮುಂದೆ ನಿಂತಾಗ ನನಗೆ ಹೊಳೆದದ್ದು ಇದು. ಬಸಿಯದ ಮಣ್ಣು ಕೂಡಿಡುವ ಮಣ್ಣು. ಬಸಿಯುವ ಮಣ್ಣು ಖರ್ಚು ಮಾಡುವ ಮಣ್ಣು. ಜಗತ್ತಿನ ಉತ್ತರದ ಪರ್ಮಾಫ್ರಾಸ್ಟ್ ಪ್ರದೇಶದ ಮಣ್ಣಿನಲ್ಲಿ ಸುಮಾರು 1,50,000 ಕೋಟಿ ಟನ್ ಇಂಗಾಲ ಕೂಡಿಟ್ಟಿದೆ. ಇದು ನಮ್ಮ ವಾತಾವರಣದಲ್ಲಿರುವುದರ ಹತ್ತಿರಹತ್ತಿರ ಎರಡರಷ್ಟು. ಭೂಮಿ ಬಿಸಿಯಾಗಿ ಆ ಮಣ್ಣು ಕರಗಿದರೆ ಅದರಲ್ಲಿ ಒಂದು ಪಾಲು ಗಾಳಿ ಸೇರುತ್ತದೆ.

ಬೆಂಕಿ ಬಿದ್ದ ಮೇಲೆ

ಈ ಎರಡು ಮಣ್ಣುಗಳು ಎಂದಿಗೂ ಹೀಗೇ ಇರುತ್ತವೆ ಎಂದೇನಿಲ್ಲ. 2004ರ ಬೇಸಿಗೆಯಲ್ಲಿ ಅಲಾಸ್ಕಾದಲ್ಲಿ 66 ಲಕ್ಷ ಎಕರೆ ಸುಟ್ಟಿತು. ಕರ್ನಾಟಕದ ಏಳನೆಯ ಒಂದು ಭಾಗದಷ್ಟು ನೆಲ. ವಿಜ್ಞಾನಿಗಳು ಆ ಸುಟ್ಟ ಕಪ್ಪು ಸ್ಪ್ರೂಸ್ ಕಾಡುಗಳನ್ನು ವರ್ಷಗಟ್ಟಲೆ ಗಮನಿಸಿದರು. ಪಾಚಿಯ ಹಾಸು ದಪ್ಪಗೆ ಉಳಿದಲ್ಲಿ ಕಪ್ಪು ಸ್ಪ್ರೂಸೇ ಮರಳಿ ಬಂತು. ಬೆಂಕಿ ಆಳಕ್ಕಿಳಿದು ಪಾಚಿ ಸುಟ್ಟು ಮಣ್ಣು ತೆರೆದುಕೊಂಡಲ್ಲಿ ಆಸ್ಪೆನ್, ಬರ್ಚ್ ಬೆಳೆದವು. ಮಿಶೆಲ್ ಮ್ಯಾಕ್ ಮತ್ತು ಸಂಗಡಿಗರು 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಂತೆ, ಹೀಗೆ ಬಂದ ಎಲೆಮರಗಳು ವೇಗವಾಗಿ ಬೆಳೆದು, ಬೆಂಕಿಯಲ್ಲಿ ಹೋದ ಇಂಗಾಲವನ್ನು ಮರದಲ್ಲಿ ಮತ್ತೆ ತುಂಬಿಸಿಕೊಳ್ಳಬಲ್ಲವು.

ಹಾಗಾದರೆ ಎಲ್ಲ ಕಡೆ ಬಸಿಯುವ ಮಣ್ಣಾದರೆ ಒಳ್ಳೆಯದಲ್ಲವೇ ಎಂದು ನಾನು ಕೇಳಿದೆ. ಅಷ್ಟು ಸುಲಭವಲ್ಲ. ಮಂಜುಗಡ್ಡೆ ಹೆಚ್ಚಿದ್ದ ನೆಲ ಕರಗಿದಾಗ ಕುಸಿದು ಕೆರೆಯೂ ಆಗಬಹುದು. ಇನ್ನೊಂದು ಕಡೆ, ಬಸಿಯುವ ಮಣ್ಣಿಗೂ ತನ್ನದೇ ಕಷ್ಟ. ಈ ನುಣುಪು ಮಣ್ಣು ಒಂದು ಮೀಟರ್ ಆಳದಲ್ಲಿ ಗಿಡಗಳಿಗೆ ಸಿಗುವಂಥ ನೀರನ್ನು ಸುಮಾರು 17ರಿಂದ 20 ಸೆಂಟಿಮೀಟರ್‌ನಷ್ಟು ಹಿಡಿದಿಡಬಲ್ಲದು. ಹಿಮ ಕರಗಿದಾಗ ತುಂಬಿಕೊಂಡ ಆ ನೀರೇ ಬೇಸಿಗೆಗೆ ಆಧಾರ. ಬೇಸಿಗೆ ಬಿಸಿಯಾದಷ್ಟೂ ಅದು ಬೇಗ ಮುಗಿಯುತ್ತದೆ. ಬಿಸಿ ಹೆಚ್ಚಾದರೆ ಇಲ್ಲಿಯ ಬಿಳಿ ಸ್ಪ್ರೂಸ್ ಮರಗಳು ಹೆಚ್ಚು ಬೆಳೆಯುವುದಿಲ್ಲ, ನೀರು ಸಾಲದೆ ಕಡಿಮೆ ಬೆಳೆಯುತ್ತವೆ ಎಂದು ಮರದ ಉಂಗುರಗಳನ್ನು ಅಳೆದವರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದಾರೆ. ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ ಬಸಿಯುವುದು ಸರಿ, ಒಣಗಿಹೋಗಬಾರದು.

ಮೂರನೆಯ ಗುಂಡಿ

ಮಧ್ಯಾಹ್ನ ಮಳೆ ನಿಂತಿತು. ಅಂಕಲ್ ಹೊಸ ಮನೆಯನ್ನು ಪ್ಲಾಟಿನ ಕೆಳತುದಿಯಲ್ಲಿ, ರಸ್ತೆಯ ಪಕ್ಕದಲ್ಲಿ ಕಟ್ಟಬೇಕೆಂದಿದ್ದರು. ಮೇಲೆ ಕಟ್ಟಿದರೆ ಕಾರು ಹೋಗಲು ಉದ್ದನೆಯ ದಾರಿ ಮಾಡಿಸಬೇಕು, ಚಳಿಗಾಲವಿಡೀ ಅದರ ಹಿಮ ತೆಗೆಯಬೇಕು. ಖರ್ಚು ಬಹಳ. "ಹೇಗಿದ್ರೂ ದಕ್ಷಿಣ ಬದಿ ತಾನೇ, ಕೆಳಗಾದ್ರೇನು?" ಎಂದು ಆಂಟಿ ಕೂಡ ಹೇಳಿದ್ದರು.

ನಾನು ಮೇಲಿನಿಂದ ಕೆಳಕ್ಕೆ ಮರಗಳನ್ನು ನೋಡುತ್ತಾ ನಡೆದೆ. ಬರ್ಚ್, ಬರ್ಚ್, ಬಿಳಿ ಸ್ಪ್ರೂಸ್. ರಸ್ತೆಗೆ ಇನ್ನೇನು ಐವತ್ತು ಹೆಜ್ಜೆ ಇರುವಾಗ ಕಾಲ ಕೆಳಗೆ ಎಲೆಯ ಸದ್ದು ನಿಂತು ನೆಲ ಮೆತ್ತಗಾಯಿತು. ಪಾಚಿ. ತಲೆಯೆತ್ತಿ ನೋಡಿದರೆ ಬರ್ಚ್ ಮರಗಳ ನಡುವೆ ಬಡಕಲು ಕಪ್ಪು ಸ್ಪ್ರೂಸ್‌ಗಳು. "ಅಂಕಲ್, ಇಲ್ಲಿ ನೋಡಿ" ಎಂದು ಕೂಗಿದೆ. ಅವರು ಕಬ್ಬಿಣದ ಸರಳನ್ನು ತಂದು ನೆಲಕ್ಕೆ ಒತ್ತಿದರು. ಮೇಲೆ ಬರ್ಚ್ ಕೆಳಗೆ ಸಲೀಸಾಗಿ ಇಳಿದಿದ್ದ ಸರಳು ಇಲ್ಲಿ ಅರ್ಧಕ್ಕೇ ನಿಂತಿತು. ನಾಲ್ಕು ಕಡೆ ಒತ್ತಿದರು. ನಾಲ್ಕು ಕಡೆಯೂ ಅಷ್ಟೇ. ತೋಡಿ ನೋಡಿದಾಗ ಬೂದು ಮಣ್ಣು, ಜಿನುಗುವ ನೀರು, ಟಣ್.

ಗುಡ್ಡದ ಬುಡದಲ್ಲಿ ಮೇಲಿನಿಂದ ಕೊಚ್ಚಿಬಂದ ಹೂಳು ಸಾವಿರಾರು ವರ್ಷ ಸೇರಿ, ತಣ್ಣನೆಯ ಗಾಳಿಯೂ ಕೆಳಗಿಳಿದು ನಿಂತು, ಮಂಜುಗಡ್ಡೆ ಉಳಿದುಬಿಟ್ಟಿರುತ್ತದೆ. ಅಂಥ ಕಡೆ ದಕ್ಷಿಣ ದಿಕ್ಕೊಂದೇ ಕಾಪಾಡುವುದಿಲ್ಲ. ಕಾಳು ಒಂದೇ ಆದರೂ ತಳದಲ್ಲಿ ದಾರಿ ಇದೆಯೋ ಇಲ್ಲವೋ, ಅದೇ ಮುಖ್ಯ.

ಅಂಕಲ್ ಗುಂಡಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ "ಇನ್ನೊಂದು ಸಲ ಜ್ಯಾಕ್ ತಿರುಗಿಸೋದು ತಪ್ತು ಮಾರಾಯಾ" ಎಂದು ನನ್ನ ಬೆನ್ನು ತಟ್ಟಿದರು. ನಮ್ಮ ಗುಂಡಿಗಳಿಂದ ಮೇಲಿನ ಒಂದು ಮೀಟರ್ ಮಾತ್ರ ಗೊತ್ತಾಗುತ್ತದೆ. ಅದಕ್ಕಾಗಿ ಸೆಪ್ಟೆಂಬರ್‌ನಲ್ಲಿ ಕೊರೆಯುವ ಯಂತ್ರ ತರಿಸಿ, ಬರ್ಚ್ ಕಾಡಿನ ಕೆಳಗೆ ಬಂಡೆ ಸಿಗುವವರೆಗೂ ಮಂಜುಗಡ್ಡೆ ಇಲ್ಲವೆಂದು ಖಚಿತ ಮಾಡಿಕೊಂಡ ಮೇಲೆಯೇ ದುಡ್ಡು ಕೊಟ್ಟರು. ಮನೆ ಮೇಲೆಯೇ. ದಾರಿಯ ಖರ್ಚಿಗೆ ಒಂದು ಕೋಣೆ ಕಡಿಮೆ ಮಾಡಿದ್ದಾರೆ. ಕೆಳಗಿನ ಪಾಚಿಯನ್ನು ಮುಟ್ಟುವುದಿಲ್ಲವಂತೆ.

ನೀವೂ ಮಾಡಿ ನೋಡಿ

ನಿಮ್ಮ ಹಿತ್ತಲಲ್ಲಿ ಅಪ್ಪ ಅಮ್ಮನ ಒಪ್ಪಿಗೆ ಪಡೆದು ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ. ಮಣ್ಣಿನ ಬಣ್ಣ ನೋಡಿ. ಕಂದೋ, ಬೂದೋ? ನೀರು ತುಂಬಿ ಪೂರ್ತಿ ಇಳಿಯಲು ಬಿಡಿ. ಮತ್ತೆ ತುಂಬಿ, ಸ್ಕೇಲ್ ನಿಲ್ಲಿಸಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಅಳೆಯಿರಿ. ಒಂದರಿಂದ ಮೂರು ಅಂಗುಲ ಇಳಿದರೆ ಅದು ಹೆಚ್ಚಿನ ಗಿಡಗಳಿಗೆ ಒಪ್ಪುವ, ಚೆನ್ನಾಗಿ ಬಸಿಯುವ ಮಣ್ಣು. ಕೊನೆಗೆ ಗುಂಡಿ ಮುಚ್ಚುವುದನ್ನು ಮರೆಯಬೇಡಿ. ನಾನು ನಮ್ಮ ಹಿತ್ತಲಲ್ಲಿ ಮರೆತು ಅಮ್ಮನಿಂದ ಬೈಸಿಕೊಂಡಿದ್ದೇನೆ.

ಈ ಬೇಸಿಗೆಯಲ್ಲಿ ಅಂಕಲ್ ಮನೆಯ ಅಡಿಪಾಯ ಹಾಕುತ್ತಾರೆ. ಗೃಹಪ್ರವೇಶಕ್ಕೆ ನಾವೆಲ್ಲ ಹೋಗಬೇಕು. ಉಡುಗೊರೆ ಏನು ಕೊಡುವುದು ಎಂದು ಅಪ್ಪ ಅಮ್ಮ ಇನ್ನೂ ಯೋಚಿಸುತ್ತಿದ್ದಾರೆ. ತಂಗಿ ಆಗಲೇ ತೀರ್ಮಾನಿಸಿದ್ದಾಳೆ. ಅವಳು ಒಂದು ನಿಂಬೆಹಣ್ಣು ತರುತ್ತಾಳಂತೆ.